ಸ್ಪಾಟಿಂಗ್ ಸ್ಕೋಪ್

ಸ್ಪಾಟಿಂಗ್ ಸ್ಕೋಪ್ ಎಂಬುದು ನೆಲದ ಮೇಲಿನ ದೂರದ ವಸ್ತುಗಳನ್ನು ದೊಡ್ಡದಾಗಿಯೂ ತಲೆಕೆಳಗಾಗದಂತೆಯೂ ತೋರಿಸುವ, ಒಂದೇ ಕಣ್ಣಿನಿಂದ ನೋಡುವ ಚಿಕ್ಕ ದೂರದರ್ಶಕ. ಇದರ ವರ್ಧನೆ ಸಾಮಾನ್ಯವಾಗಿ 15ರಿಂದ 60 ಪಟ್ಟು ಇರುತ್ತದೆ. ಕೈಯಲ್ಲಿ ಹಿಡಿದು ನೋಡುವ ದುರ್ಬೀನಿನ ವರ್ಧನೆ 7ರಿಂದ 10 ಪಟ್ಟು ಮಾತ್ರ. ಹೆಚ್ಚು ವರ್ಧನೆಯಲ್ಲಿ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚಾಗಿ ಕಾಣುವುದರಿಂದ ಸ್ಪಾಟಿಂಗ್ ಸ್ಕೋಪನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿಯೇ ಬಳಸಬೇಕಾಗುತ್ತದೆ.

ಯುರೋಪ್ ಮತ್ತು ಅಮೆರಿಕಗಳಲ್ಲಿ ಈ ಉಪಕರಣ ಬೇಟೆಗಾರರಲ್ಲಿಯೂ ಗುರಿ ಅಭ್ಯಾಸ ಮಾಡುವವರಲ್ಲಿಯೂ ಹೆಚ್ಚು ಪ್ರಚಾರದಲ್ಲಿದೆ. ಭಾರತದಲ್ಲಿ ವನ್ಯಜೀವಿಗಳ ಬೇಟೆ ಕಾನೂನಿನಿಂದ ನಿಷಿದ್ಧವಾಗಿರುವುದರಿಂದ ಇಲ್ಲಿ ಇದರ ಮುಖ್ಯ ಬಳಕೆ ಪಕ್ಷಿವೀಕ್ಷಣೆ, ಪಕ್ಷಿಗಣತಿ ಮತ್ತು ವನ್ಯಜೀವಿ ಅಧ್ಯಯನಗಳಲ್ಲಿ. ಕರ್ನಾಟಕದ ಮಂಡ್ಯ ಜಿಲ್ಲೆಯಲ್ಲಿ ಕೊಕ್ಕರೆಬೆಳ್ಳೂರು, ರಂಗನತಿಟ್ಟು ಹಾಗೂ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೆರೆಗಳು ಇಂತಹ ವೀಕ್ಷಣೆಗೆ ಹೆಸರಾದ ತಾಣಗಳು. ಗೂಡುಕಟ್ಟಿದ ಹಕ್ಕಿಗಳನ್ನು ಅವುಗಳಿಗೆ ತೊಂದರೆಯಾಗದಷ್ಟು ದೂರದಿಂದ ನೋಡಲು ಸಾಧ್ಯವಾಗಿಸುವುದೇ ಈ ಉಪಕರಣದ ದೊಡ್ಡ ಪ್ರಯೋಜನ.

## ಹಿನ್ನೆಲೆ

ದೂರದರ್ಶಕದ ಬಗೆಗಿನ ಮೊದಲ ಹಕ್ಕುಸ್ವಾಮ್ಯದ ಅರ್ಜಿಯನ್ನು 1608ರಲ್ಲಿ ನೆದರ್ಲೆಂಡ್ಸ್‌ನ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಶೇ ಸಲ್ಲಿಸಿದನು. ಮರುವರ್ಷ ಗೆಲಿಲಿಯೊ ತಾನೇ ತಯಾರಿಸಿದ ದೂರದರ್ಶಕವನ್ನು ಆಕಾಶದ ಕಡೆಗೆ ತಿರುಗಿಸಿದನು. ಎರಡು ಉಬ್ಬು ಮಸೂರಗಳಿಂದಾದ ದೂರದರ್ಶಕದಲ್ಲಿ ಬಿಂಬ ತಲೆಕೆಳಗಾಗಿ ಕಾಣುತ್ತದೆ. ನಕ್ಷತ್ರಗಳನ್ನು ನೋಡುವವರಿಗೆ ಇದು ಕೊರತೆಯಲ್ಲ. ಆದರೆ ಮರದ ಮೇಲಿನ ಹಕ್ಕಿಯನ್ನೋ ಸಮುದ್ರದ ಮೇಲಿನ ಹಡಗನ್ನೋ ನೋಡುವವರಿಗೆ ನೇರವಾದ ಬಿಂಬ ಬೇಕು. ಹೆಚ್ಚುವರಿ ಮಸೂರಗಳನ್ನು ಸೇರಿಸಿ ಬಿಂಬವನ್ನು ನೇರಗೊಳಿಸಿದಾಗ ಕೊಳವೆ ಬಹಳ ಉದ್ದವಾಗುತ್ತಿತ್ತು. 1854ರಲ್ಲಿ ಇಟಲಿಯ ಇಗ್ನಾಜಿಯೊ ಪೋರೊ ಗಾಜಿನ ಪಟ್ಟಕಗಳ ಮೂಲಕ ಬಿಂಬವನ್ನು ನೇರಗೊಳಿಸುವ ವಿಧಾನಕ್ಕೆ ಹಕ್ಕುಸ್ವಾಮ್ಯ ಪಡೆದನು. ಇಂದಿನ ಸ್ಪಾಟಿಂಗ್ ಸ್ಕೋಪ್‌ಗಳು ಗಿಡ್ಡವಾಗಿ, ಹೆಗಲ ಚೀಲದಲ್ಲಿ ಹಿಡಿಸುವಂತಿರುವುದಕ್ಕೆ ಪಟ್ಟಕಗಳೇ ಕಾರಣ.

ಬಂದೂಕಿನ ಮೇಲೆ ಕೂರಿಸುವ ಗುರಿದರ್ಶಕವೂ ಸ್ಪಾಟಿಂಗ್ ಸ್ಕೋಪೂ ಒಂದೇ ಅಲ್ಲ. ಗುರಿದರ್ಶಕದಲ್ಲಿ ಗುರಿ ಹಿಡಿಯಲು ಅಡ್ಡಗೆರೆಗಳಿರುತ್ತವೆ ಮತ್ತು ಅದರ ವರ್ಧನೆ ಕಡಿಮೆ. ಸ್ಪಾಟಿಂಗ್ ಸ್ಕೋಪ್ ಕೇವಲ ನೋಡುವ ಸಾಧನ. ಬೇಟೆಗೆ ಅವಕಾಶವಿರುವ ದೇಶಗಳಲ್ಲಿ ಎದುರು ಬೆಟ್ಟದ ಪ್ರಾಣಿಯ ವಯಸ್ಸು, ಕೊಂಬಿನ ಗಾತ್ರ ಇತ್ಯಾದಿಗಳನ್ನು ಅದು ಇರುವಲ್ಲಿಗೆ ನಡೆದು ಹೋಗುವ ಮೊದಲೇ ತಿಳಿಯಲು ಇದನ್ನು ಬಳಸುತ್ತಾರೆ. ಪಕ್ಷಿವೀಕ್ಷಕನ ಅಗತ್ಯವೂ ಇಂಥದ್ದೇ ಆದುದರಿಂದ ಇಬ್ಬರೂ ಬಳಸುವ ಉಪಕರಣ ಒಂದೇ ಆಗಿದೆ.

## ರಚನೆ

ಸ್ಪಾಟಿಂಗ್ ಸ್ಕೋಪಿನಲ್ಲಿ ನಾಲ್ಕು ಮುಖ್ಯ ಭಾಗಗಳಿವೆ.

- ವಸ್ತುಕ ಮಸೂರ: ಮುಂಭಾಗದ ದೊಡ್ಡ ಮಸೂರ. ಇದು ಬೆಳಕನ್ನು ಸಂಗ್ರಹಿಸಿ ಬಿಂಬವನ್ನು ಮೂಡಿಸುತ್ತದೆ.
- ಪಟ್ಟಕಗಳು: ತಲೆಕೆಳಗಾದ ಬಿಂಬವನ್ನು ನೇರಗೊಳಿಸುತ್ತವೆ. ಇವುಗಳನ್ನು ಸಾಮಾನ್ಯವಾಗಿ ಬಿಕೆ-7 ಅಥವಾ ಬಿಎಕೆ-4 ಎಂಬ ಗಾಜಿನಿಂದ ಮಾಡುತ್ತಾರೆ. ಎರಡನೆಯದರ ವಕ್ರೀಭವನ ಸೂಚ್ಯಂಕ ಹೆಚ್ಚು. ಅದರಲ್ಲಿ ಬಿಂಬದ ಅಂಚುಗಳು ಕಪ್ಪಾಗುವುದು ಕಡಿಮೆ.
- ನೇತ್ರಕ: ಕಣ್ಣಿನ ಬಳಿಯ ಮಸೂರಗಳ ಜೋಡಣೆ. ಹೆಚ್ಚಿನ ಮಾದರಿಗಳಲ್ಲಿ ಇದನ್ನು ತಿರುಗಿಸಿ ವರ್ಧನೆಯನ್ನು ಹೆಚ್ಚು ಕಡಿಮೆ ಮಾಡಬಹುದು.
- ಫೋಕಸ್ ತಿರುಗಣೆ: ಬಿಂಬವನ್ನು ಸ್ಪಷ್ಟಗೊಳಿಸುವ ಗುಂಡಿ ಅಥವಾ ಕೊಳವೆಯ ಸುತ್ತಲಿನ ಬಳೆ. ಕೆಲವು ಮಾದರಿಗಳಲ್ಲಿ ಬೇಗ ತಿರುಗುವ ಒಂದು ಗುಂಡಿ ಮತ್ತು ನಿಧಾನವಾಗಿ ತಿರುಗುವ ಇನ್ನೊಂದು ಗುಂಡಿ ಇರುತ್ತವೆ.

ಕೊಳವೆಯೊಳಗೆ ತೇವ ಸೇರದಂತೆ ಮುಚ್ಚಿ, ಗಾಳಿಯ ಬದಲು ಒಣ ನೈಟ್ರೋಜನ್ ಅನಿಲವನ್ನು ತುಂಬಿರುತ್ತಾರೆ. ಇದರಿಂದ ಒಳಗಿನ ಗಾಜಿನ ಮೇಲೆ ಮಂಜು ಕಟ್ಟುವುದು ತಪ್ಪುತ್ತದೆ.

## ಅಂಕಿಗಳ ಅರ್ಥ

ಉಪಕರಣದ ಮೇಲೆ 20–60×80 ಎಂಬಂತಹ ಬರಹವಿರುತ್ತದೆ. ಇದರಲ್ಲಿ 20–60 ಎಂಬುದು ವರ್ಧನೆಯ ಕನಿಷ್ಠ ಮತ್ತು ಗರಿಷ್ಠ ಮಿತಿ. 80 ಎಂಬುದು ವಸ್ತುಕ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ವರ್ಧನೆಯನ್ನು ದೂರದ ಲೆಕ್ಕದಲ್ಲಿ ತಿಳಿಯುವುದು ಸುಲಭ. 100 ಮೀಟರ್ ದೂರದ ಗೂಡು 25 ಪಟ್ಟು ವರ್ಧನೆಯಲ್ಲಿ 4 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. 600 ಮೀಟರ್ ಆಚೆಯ ದಡದ ಬಾತುಕೋಳಿ 30 ಪಟ್ಟಿನಲ್ಲಿ 20 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ.

ವರ್ಧನೆ ಹೆಚ್ಚಾದಂತೆ ಬಿಂಬ ಮಸುಕಾಗುತ್ತದೆ. ನೇತ್ರಕದಿಂದ ಹೊರಬರುವ ಬೆಳಕು ಒಂದು ಪುಟ್ಟ ವೃತ್ತದಂತಿರುತ್ತದೆ. ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಈ ವೃತ್ತದ ವ್ಯಾಸ ದೊರೆಯುತ್ತದೆ. ಹಗಲಿನಲ್ಲಿ ಮನುಷ್ಯನ ಕಣ್ಣಿನ ಪಾಪೆ 2ರಿಂದ 3 ಮಿ.ಮೀ. ತೆರೆದಿರುತ್ತದೆ. ನಸುಕಿನಲ್ಲಿ ಅದು ಇನ್ನೂ ಅಗಲವಾಗುತ್ತದೆ. ಬೆಳಕಿನ ವೃತ್ತ ಪಾಪೆಗಿಂತ ಬಹಳ ಚಿಕ್ಕದಾದರೆ ನೋಟ ಮಬ್ಬಾಗುತ್ತದೆ.

| ಮಾದರಿಯ ಅಳತೆ | ಕನಿಷ್ಠ ವರ್ಧನೆಯಲ್ಲಿ | 30 ಪಟ್ಟಿನಲ್ಲಿ | ಗರಿಷ್ಠ ವರ್ಧನೆಯಲ್ಲಿ |
|---|---|---|---|
| 20–60×60 | 3.0 ಮಿ.ಮೀ. | 2.0 ಮಿ.ಮೀ. | 1.0 ಮಿ.ಮೀ. |
| 16–48×65 | 4.1 ಮಿ.ಮೀ. | 2.2 ಮಿ.ಮೀ. | 1.4 ಮಿ.ಮೀ. |
| 20–60×80 | 4.0 ಮಿ.ಮೀ. | 2.7 ಮಿ.ಮೀ. | 1.3 ಮಿ.ಮೀ. |

60 ಮಿ.ಮೀ. ಮಸೂರದ ಉಪಕರಣದ ಮೇಲೆ 60 ಪಟ್ಟು ಎಂದು ಬರೆದಿದ್ದರೂ ಆ ವರ್ಧನೆ ಪ್ರಾಯೋಗಿಕವಾಗಿ ಹೆಚ್ಚು ಉಪಯೋಗಕ್ಕೆ ಬಾರದು ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ. ಹೋಲಿಕೆಗಾಗಿ, 8×42 ಅಳತೆಯ ದುರ್ಬೀನಿನಲ್ಲಿ ಬೆಳಕಿನ ವೃತ್ತ 5.25 ಮಿ.ಮೀ. ಇರುತ್ತದೆ.

ಮಸೂರ ದೊಡ್ಡದಾದಷ್ಟೂ ಸೂಕ್ಷ್ಮ ವಿವರಗಳು ಬೇರೆಬೇರೆಯಾಗಿ ಕಾಣುತ್ತವೆ. ಸಿದ್ಧಾಂತದ ಪ್ರಕಾರ 500 ಮೀಟರ್ ದೂರದಲ್ಲಿ 80 ಮಿ.ಮೀ. ಮಸೂರ ಸುಮಾರು 3.5 ಮಿ.ಮೀ. ಅಂತರದ ಎರಡು ಚುಕ್ಕೆಗಳನ್ನು ಪ್ರತ್ಯೇಕವಾಗಿ ತೋರಿಸಬಲ್ಲದು, 60 ಮಿ.ಮೀ. ಮಸೂರಕ್ಕೆ ಸುಮಾರು 4.7 ಮಿ.ಮೀ. ಅಂತರ ಬೇಕು. ಗಾಜಿನ ಗುಣ ಮತ್ತು ನಡುವಿನ ಗಾಳಿಯ ಸ್ಥಿತಿಯಿಂದಾಗಿ ಈ ಮಿತಿಯನ್ನು ತಲುಪುವುದು ಅಪರೂಪ.

## ಮಧ್ಯಮ ಬೆಲೆಯ ಉಪಕರಣದ ಆಯ್ಕೆ

ಸ್ವರೋವ್ಸ್ಕಿ, ಝೈಸ್, ಲೈಕಾ, ಕೋವಾ ಮುಂತಾದ ಸಂಸ್ಥೆಗಳ ಉನ್ನತ ಶ್ರೇಣಿಯ ಸ್ಪಾಟಿಂಗ್ ಸ್ಕೋಪ್‌ಗಳ ಬೆಲೆ ಲಕ್ಷಗಳಲ್ಲಿದೆ. ಇನ್ನೊಂದು ತುದಿಯಲ್ಲಿ ಆಟಿಕೆಗಿಂತ ಸ್ವಲ್ಪ ಮೇಲ್ಮಟ್ಟದ, ಕೆಲವೇ ಸಾವಿರ ರೂಪಾಯಿಗಳ ಉಪಕರಣಗಳಿವೆ. ಇವೆರಡರ ನಡುವೆ ಕೆಲವು ಹತ್ತು ಸಾವಿರ ರೂಪಾಯಿಗಳಿಗೆ ದೊರೆಯುವವುಗಳನ್ನು ಮಧ್ಯಮ ಬೆಲೆಯವು ಎನ್ನಬಹುದು. ವೋರ್ಟೆಕ್ಸ್, ಸೆಲೆಸ್ಟ್ರಾನ್, ನಿಕಾನ್ ಮೊದಲಾದ ಸಂಸ್ಥೆಗಳು ಈ ಶ್ರೇಣಿಯಲ್ಲಿ ಮಾದರಿಗಳನ್ನು ತಯಾರಿಸಿವೆ. ಶಾಲೆ, ಕಾಲೇಜು ಮತ್ತು ಹವ್ಯಾಸಿ ಸಂಘಗಳು ಕೊಳ್ಳುವುದು ಬಹುಮಟ್ಟಿಗೆ ಈ ಶ್ರೇಣಿಯದನ್ನೇ. ಇಲ್ಲಿ ಎಲ್ಲ ಗುಣಗಳೂ ಒಂದೇ ಉಪಕರಣದಲ್ಲಿ ದೊರೆಯುವುದಿಲ್ಲವಾದುದರಿಂದ ಯಾವುದು ಮುಖ್ಯ, ಯಾವುದನ್ನು ಬಿಟ್ಟುಕೊಡಬಹುದು ಎಂಬ ವಿವೇಚನೆ ಅಗತ್ಯ.

### ಗಾಜು ಮತ್ತು ಲೇಪನ

ಬಿಳಿಯ ಬೆಳಕು ಮಸೂರದ ಮೂಲಕ ಹಾಯುವಾಗ ಅದರ ಬಣ್ಣಗಳು ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಇದರಿಂದ ಬಿಂಬದ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಮೂಡುತ್ತದೆ. ಇದಕ್ಕೆ ವರ್ಣ ವಿಪಥನ ಎಂದು ಹೆಸರು. ಬೆಳಗಿನ ಆಕಾಶದ ಎದುರು ನಿಂತ ಬಿಳಿಯ ಕೊಕ್ಕರೆಯನ್ನು ನೋಡುವಾಗ ಈ ದೋಷ ಎದ್ದು ಕಾಣುತ್ತದೆ. ಬಣ್ಣಗಳನ್ನು ಕಡಿಮೆ ಚದುರಿಸುವ ವಿಶೇಷ ಗಾಜನ್ನು ಬಳಸಿದ ಮಾದರಿಗಳಿಗೆ ಇ.ಡಿ. ಎಂಬ ಗುರುತಿರುತ್ತದೆ. ವರ್ಧನೆ 40 ಪಟ್ಟನ್ನು ಮೀರಿದಾಗ ಈ ಗಾಜಿನ ಬೆಲೆ ತಿಳಿಯುತ್ತದೆ.

ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈ ಸುಮಾರು ಶೇ. 4ರಷ್ಟು ಬೆಳಕನ್ನು ಪ್ರತಿಫಲಿಸಿಬಿಡುತ್ತದೆ. ಉಪಕರಣದಲ್ಲಿ ಇಂತಹ 10 ಮೇಲ್ಮೈಗಳಿದ್ದರೆ ಕಣ್ಣಿಗೆ ತಲುಪುವುದು ಸುಮಾರು ಶೇ. 66 ಮಾತ್ರ. ಬಹುಪದರದ ಲೇಪನದಿಂದ ಪ್ರತಿ ಮೇಲ್ಮೈಯ ನಷ್ಟ ಶೇ. 0.5ಕ್ಕೆ ಇಳಿದರೆ ಸುಮಾರು ಶೇ. 95 ಬೆಳಕು ಕಣ್ಣನ್ನು ತಲುಪುತ್ತದೆ. ‘ಲೇಪಿತ’ ಎಂಬುದಕ್ಕೂ ‘ಎಲ್ಲ ಮೇಲ್ಮೈಗಳೂ ಬಹುಪದರ ಲೇಪಿತ’ ಎಂಬುದಕ್ಕೂ ಇರುವ ಅಂತರ ಇದು. ಕೊಳ್ಳುವವರು ಈ ಮಾತುಗಳನ್ನು ಗಮನವಿಟ್ಟು ಓದಬೇಕು.

### ಮಸೂರದ ಗಾತ್ರ

80 ಮಿ.ಮೀ. ಮಸೂರವು 65 ಮಿ.ಮೀ. ಮಸೂರಕ್ಕಿಂತ ಸುಮಾರು ಒಂದೂವರೆ ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ. ಆದರೆ ಅದರ ತೂಕವೂ ಬೆಲೆಯೂ ಹೆಚ್ಚು. ಅದನ್ನು ಹೊರಲು ಗಟ್ಟಿಯಾದ ಟ್ರೈಪಾಡೂ ಬೇಕು. ವಿಶಾಲವಾದ ಕೆರೆಯ ದಡದಲ್ಲಿ ಒಂದೆಡೆ ನಿಂತು ನೋಡುವವರಿಗೆ 80 ಮಿ.ಮೀ. ಅನುಕೂಲ. ಬಸ್ಸಿನಲ್ಲಿ ಬಂದು ಗದ್ದೆಯ ಬದುಗಳ ಮೇಲೆ ನಡೆದು ಹೋಗುವವರಿಗೆ 65 ಮಿ.ಮೀ. ಸಾಕು. ಒಂದೇ ಬೆಲೆಗೆ ಸಾಧಾರಣ ಗಾಜಿನ 80 ಮಿ.ಮೀ. ಉಪಕರಣವೂ ಇ.ಡಿ. ಗಾಜಿನ 65 ಮಿ.ಮೀ. ಉಪಕರಣವೂ ದೊರೆಯುವುದಾದರೆ, ಹಗಲಿನ ಬಳಕೆಗೆ ಎರಡನೆಯದನ್ನು ಆರಿಸುವುದು ಸಾಮಾನ್ಯವಾಗಿ ಲೇಸು.

### ನೇತ್ರಕದ ಕೋನ

ನೇರ ನೇತ್ರಕದ ಮಾದರಿಯಲ್ಲಿ ನೋಟದ ದಿಕ್ಕಿಗೇ ಉಪಕರಣವಿರುವುದರಿಂದ ಹಕ್ಕಿಯನ್ನು ಹುಡುಕುವುದು ಸುಲಭ. ವಾಹನದ ಕಿಟಕಿಯಿಂದಲೋ ಮರೆಯಲ್ಲಿ ಕುಳಿತೋ ನೋಡಲು ಇದು ಹೊಂದುತ್ತದೆ. ಇನ್ನೊಂದು ಬಗೆಯಲ್ಲಿ ನೇತ್ರಕ 45° ಬಾಗಿರುತ್ತದೆ. ಎತ್ತರದ ಮರದ ಗೂಡುಗಳನ್ನು ನೋಡುವಾಗ ಕತ್ತು ಮೇಲೆತ್ತಬೇಕಾಗಿಲ್ಲ. ಟ್ರೈಪಾಡನ್ನು ತಗ್ಗಿಸಿ ನಿಲ್ಲಿಸಬಹುದಾದುದರಿಂದ ಗಾಳಿಗೆ ಅಲುಗಾಟವೂ ಕಡಿಮೆ. ಬೇರೆ ಬೇರೆ ಎತ್ತರದ ಮಕ್ಕಳು ಒಬ್ಬರ ನಂತರ ಒಬ್ಬರು ಬಗ್ಗಿ ನೋಡಬಹುದು. ಈ ಕಾರಣಗಳಿಂದ ಶಾಲೆಗಳಿಗೂ ಕೊಕ್ಕರೆಬೆಳ್ಳೂರಿನಂತಹ ಸ್ಥಳಗಳಿಗೂ ಬಾಗಿದ ನೇತ್ರಕವೇ ಉತ್ತಮ.

### ಕನ್ನಡಕ ಧರಿಸುವವರು

ಪೂರ್ಣ ದೃಶ್ಯ ಕಾಣಲು ಕಣ್ಣು ನೇತ್ರಕದಿಂದ ಎಷ್ಟು ದೂರ ಇರಬಹುದು ಎಂಬ ಅಳತೆಗೆ ಐ ರಿಲೀಫ್ ಎನ್ನುತ್ತಾರೆ. ಕನ್ನಡಕ ಧರಿಸುವವರಿಗೆ ಇದು 15 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರಬೇಕು. ಕಡಿಮೆಯಿದ್ದರೆ ದೃಶ್ಯದ ನಡುಭಾಗ ಮಾತ್ರ ಕಾಣುತ್ತದೆ. ದೂರದೃಷ್ಟಿ ಅಥವಾ ಸಮೀಪದೃಷ್ಟಿ ಮಾತ್ರ ಇರುವವರು ಕನ್ನಡಕವನ್ನು ತೆಗೆದು ಫೋಕಸ್ ಹೊಂದಿಸಿಕೊಳ್ಳಬಹುದು.

### ಟ್ರೈಪಾಡ್

ಮಧ್ಯಮ ಬೆಲೆಯ ಉಪಕರಣವನ್ನು ಕೊಂಡವರು ಹಣ ಉಳಿಸಲು ಹೋಗಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೊಬೈಲಿಗಾಗಿ ಮಾಡಿದ ಹಗುರವಾದ ಟ್ರೈಪಾಡಿನ ಮೇಲೆ ಒಂದೂವರೆ ಕಿಲೋ ತೂಕದ ಉಪಕರಣವನ್ನು ಕೂರಿಸಿದರೆ ಪ್ರತಿಯೊಂದು ಸ್ಪರ್ಶಕ್ಕೂ ಬಿಂಬ ನಡುಗುತ್ತದೆ. ಎಷ್ಟೇ ಒಳ್ಳೆಯ ಗಾಜಿದ್ದರೂ ಆಗ ಪ್ರಯೋಜನವಿಲ್ಲ. ಒಟ್ಟು ಹಣದಲ್ಲಿ ನಾಲ್ಕನೆಯ ಒಂದು ಭಾಗವನ್ನಾದರೂ ಗಟ್ಟಿಯಾದ ಟ್ರೈಪಾಡಿಗೂ ನಯವಾಗಿ ತಿರುಗುವ ಹಿಡಿಕೆಯುಳ್ಳ ತಲೆಗೂ ಮೀಸಲಿಡುವುದು ಒಳ್ಳೆಯದು. ಗಾಳಿ ಬೀಸುವಾಗ ಟ್ರೈಪಾಡಿನ ನಡುಗಂಬವನ್ನು ಮೇಲೆತ್ತದೆ, ಅದರ ಕೊಕ್ಕೆಗೆ ಭಾರವಾದ ಚೀಲವನ್ನು ತೂಗುಹಾಕಿದರೆ ಅಲುಗಾಟ ತಗ್ಗುತ್ತದೆ.

### ಕೊಳ್ಳುವ ಮುನ್ನ ಪರೀಕ್ಷೆ

1. ಹೊಳೆಯುವ ಆಕಾಶದ ಎದುರಿನ ವಿದ್ಯುತ್ ತಂತಿಯನ್ನೋ ಒಣಕೊಂಬೆಯನ್ನೋ ನೋಡಿ ಅಂಚಿನಲ್ಲಿ ಬಣ್ಣದ ಗೆರೆ ಎಷ್ಟಿದೆ ಎಂದು ಗಮನಿಸಬೇಕು.
2. ದೂರದ ನಾಮಫಲಕದ ಅಕ್ಷರಗಳನ್ನು ಕನಿಷ್ಠ, ಮಧ್ಯಮ ಮತ್ತು ಗರಿಷ್ಠ ವರ್ಧನೆಗಳಲ್ಲಿ ಓದಿ ನೋಡಬೇಕು. ವರ್ಧನೆ ಹೆಚ್ಚಿದರೂ ಹೊಸ ವಿವರ ಕಾಣದಿದ್ದರೆ ಆ ಹೆಚ್ಚಿನ ವರ್ಧನೆಗೆ ಹಣ ಕೊಡಬೇಕಾಗಿಲ್ಲ.
3. ಫೋಕಸ್ ತಿರುಗಣೆ ಸಡಿಲವಾಗಿಯೂ ಬಿಗಿಯಾಗಿಯೂ ಇಲ್ಲದೆ ಒಂದೇ ಸಮನೆ ತಿರುಗಬೇಕು.
4. ಬಳಸಿದ ಉಪಕರಣವಾದರೆ ಮುಂದಿನಿಂದ ಟಾರ್ಚ್ ಬೆಳಕು ಹಾಯಿಸಿ ಒಳಗಿನ ಗಾಜಿನಲ್ಲಿ ಬೂಷ್ಟು, ಗೀರು ಇವೆಯೇ ಎಂದು ಪರೀಕ್ಷಿಸಬೇಕು.
5. ವಿದೇಶದಿಂದ ತರಿಸುವುದಾದರೆ ತಯಾರಕರ ಖಾತರಿ ಭಾರತದಲ್ಲಿಯೂ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು.

ಪಕ್ಷಿವೀಕ್ಷಣೆಯನ್ನು ಹೊಸದಾಗಿ ಆರಂಭಿಸುವವರಿಗೆ ಮೊದಲು ಬೇಕಾದುದು 8×42 ಅಳತೆಯ ಒಂದು ದುರ್ಬೀನು. ಹಾರುವ ಹಕ್ಕಿಯನ್ನೂ ಪೊದೆಯೊಳಗಿನ ಹಕ್ಕಿಯನ್ನೂ ಸ್ಪಾಟಿಂಗ್ ಸ್ಕೋಪಿನಲ್ಲಿ ಹಿಡಿಯುವುದು ಕಷ್ಟ. ಇದು ದುರ್ಬೀನಿಗೆ ಪೂರಕವೇ ಹೊರತು ಬದಲಿಯಲ್ಲ.

## ಮಂಡ್ಯ ಜಿಲ್ಲೆ ಮತ್ತು ಸುತ್ತಮುತ್ತ ಬಳಕೆ

### ಕೊಕ್ಕರೆಬೆಳ್ಳೂರು

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಶಿಂಷಾ ನದಿಯ ಸಮೀಪದ ಗ್ರಾಮ. ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು ಇಲ್ಲಿ ಊರಿನ ನಡುವಿನ ಹುಣಸೆ, ಅರಳಿ ಮುಂತಾದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಗ್ರಾಮದ ಯುವಕರು ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡು, ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸ ಮಾಡಿದ್ದಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಗೂಡುಗಳಿರುವ ಮರಗಳಲ್ಲಿ ಹುಣಸೆ ಕೊಯ್ಯದೆ ಬಿಡುವ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ನೀಡುವ ಪದ್ಧತಿಯಿದೆ. ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣನ್ನು ರೈತರು ಗೊಬ್ಬರವಾಗಿ ಬಳಸುತ್ತಾ ಬಂದಿದ್ದಾರೆ.

ಇಲ್ಲಿ ಮರಗಳು ಹತ್ತಿರದಲ್ಲಿಯೇ ಇರುವುದರಿಂದ ಉಪಕರಣವೇ ಬೇಡ ಎನಿಸಬಹುದು. ಆದರೆ ಮರದ ಬುಡದಲ್ಲಿ ಜನ ಗುಂಪುಗೂಡಿದಾಗ ಹಕ್ಕಿಗಳು ಗೂಡು ಬಿಟ್ಟು ಏಳುವ ಸಂಭವವಿದೆ. ತಾಯಿಹಕ್ಕಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳಾಗಿ ನಿಲ್ಲುವುದು ಬಿಸಿಲಿನ ತಿಂಗಳುಗಳಲ್ಲಿ ಕಾಣುವ ದೃಶ್ಯ. ಅದು ಎದ್ದುಹೋದರೆ ಪುಕ್ಕವಿಲ್ಲದ ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಈಡಾಗುತ್ತವೆ. ಗಾಬರಿಯಿಂದ ಸರಿದ ಮರಿಗಳು ಗೂಡಿನ ಅಂಚಿನಿಂದ ಕೆಳಗೆ ಬೀಳುತ್ತವೆ. 100 ಮೀಟರ್ ದೂರದಿಂದ 20–25 ಪಟ್ಟು ವರ್ಧನೆಯಲ್ಲಿ ನೋಡಿದರೆ ಗೂಡಿನ ಅಂಚಿಗೆ ಬಂದ ಮರಿಗಳನ್ನು ಎಣಿಸಬಹುದು. ಹೆಜ್ಜಾರ್ಲೆಯ ಮೇಲ್ಕೊಕ್ಕಿನ ಚುಕ್ಕೆಗಳೂ ಕಾಣುತ್ತವೆ. ಹಕ್ಕಿಗಳಿಗೆ ತಮ್ಮನ್ನು ಯಾರೋ ನೋಡುತ್ತಿರುವುದೇ ತಿಳಿಯುವುದಿಲ್ಲ.

ಗೂಡುಗಳ ಕೆಳಗೆ ಮನೆಗಳ ಹಿತ್ತಲು, ಅಂಗಳಗಳಿರುವುದನ್ನೂ ಮರೆಯುವಂತಿಲ್ಲ. ಮರದ ಕಡೆಗೆ ತಿರುಗಿಸಿದ ಉಪಕರಣ ಮನೆಯೊಳಗನ್ನೂ ಹತ್ತಿರಕ್ಕೆ ತರುತ್ತದೆ. ಆದುದರಿಂದ ಟ್ರೈಪಾಡ್ ನಿಲ್ಲಿಸುವ ಮೊದಲು ಮನೆಯವರನ್ನು ಕೇಳುವುದು, ಅವರಿಗೂ ಒಮ್ಮೆ ನೋಡಲು ಕೊಡುವುದು ಸೌಜನ್ಯ. ಹಕ್ಕಿಗಳ ರಕ್ಷಣೆ ನಿಂತಿರುವುದು ಆ ಮನೆಗಳವರ ಒಪ್ಪಿಗೆಯ ಮೇಲೆಯೇ.

### ಮದ್ದೂರು ಮತ್ತು ಮಳವಳ್ಳಿಯ ಕೆರೆಗಳು

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕೆರೆ, ಗದ್ದೆಗಳು ನೀರುಹಕ್ಕಿಗಳಿಗೆ ಆಹಾರದ ನೆಲೆಗಳಾಗಿವೆ. ಮದ್ದೂರು ತಾಲ್ಲೂಕಿನ ಸೂಳೆಕೆರೆಯಂತಹ ವಿಶಾಲವಾದ ಕೆರೆಗಳಲ್ಲಿ ಹಕ್ಕಿಗಳು ದಡದಿಂದ ಬಹಳ ದೂರದಲ್ಲಿರುತ್ತವೆ. ಚಳಿಗಾಲದಲ್ಲಿ ಬರುವ ಬಾತುಗಳ ಜಾತಿಗಳನ್ನೂ, ಕೆಸರಿನಲ್ಲಿ ಓಡಾಡುವ ಗೊರವಗಳನ್ನೂ ದುರ್ಬೀನಿನಿಂದ ಗುರುತಿಸುವುದು ಕಷ್ಟ. ಕಾಲಿನ ಬಣ್ಣ, ಕೊಕ್ಕಿನ ಉದ್ದ, ಹುಬ್ಬಿನ ಗೆರೆ ಮುಂತಾದ ಸಣ್ಣ ವ್ಯತ್ಯಾಸಗಳಿಂದಲೇ ಗೊರವಗಳ ಜಾತಿಯನ್ನು ನಿರ್ಧರಿಸಬೇಕಾಗುತ್ತದೆ. ಸ್ಪಾಟಿಂಗ್ ಸ್ಕೋಪ್ ಅನಿವಾರ್ಯವೆನಿಸುವುದು ಇಂತಹ ಸ್ಥಳಗಳಲ್ಲಿ. 1987ರಿಂದ ಪ್ರತಿವರ್ಷ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಯಂತಹ ಕಾರ್ಯಗಳಿಗೂ ಇದು ನೆರವಾಗುತ್ತದೆ.

ಹಕ್ಕಿಗಳ ಕಾಲಿಗೆ ಅಥವಾ ಕೊರಳಿಗೆ ತೊಡಿಸಿದ ಗುರುತುಪಟ್ಟಿಗಳನ್ನು ಓದುವುದು ಇನ್ನೊಂದು ಉಪಯೋಗ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆಯ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ದೂರದಿಂದಲೇ ಓದಲು ಸಾಧ್ಯವಾದರೆ, ಹಕ್ಕಿಯನ್ನು ಹಿಡಿಯದೆಯೇ ಅದರ ಪ್ರಯಾಣದ ಮಾಹಿತಿ ದೊರೆಯುತ್ತದೆ.

### ಬಿಸಿಲಿನ ಝಳ

ಬೇಸಿಗೆಯಲ್ಲಿ ಬೆಳಗಿನ ಒಂಬತ್ತು, ಹತ್ತು ಗಂಟೆಯ ನಂತರ ನೆಲ ಕಾಯ್ದು ಗಾಳಿ ಅಲೆಯಲೆಯಾಗಿ ಮೇಲೇಳುತ್ತದೆ. ಆಗ ದೂರದ ಬಿಂಬ ನೀರಿನೊಳಗಿನ ವಸ್ತುವಿನಂತೆ ಕದಲುತ್ತದೆ. ಇದು ಉಪಕರಣದ ದೋಷವಲ್ಲ. ಬೆಲೆಬಾಳುವ ಉಪಕರಣವೂ ಇದನ್ನು ಸರಿಪಡಿಸಲಾರದು. ಆ ಹೊತ್ತಿನಲ್ಲಿ ವರ್ಧನೆಯನ್ನು 20–25 ಪಟ್ಟಿಗೆ ಇಳಿಸುವುದೇ ಉಪಾಯ. ಮುಂಜಾನೆಯ ವೇಳೆ ಕೆರೆಯ ಪೂರ್ವದ ದಡದಲ್ಲಿ ನಿಂತರೆ ಸೂರ್ಯ ಬೆನ್ನಿಗಿದ್ದು ಹಕ್ಕಿಗಳ ಬಣ್ಣ ಚೆನ್ನಾಗಿ ಕಾಣುತ್ತದೆ. ಸಂಜೆ ಪಶ್ಚಿಮದ ದಡ ಒಳ್ಳೆಯದು.

### ರಂಗನತಿಟ್ಟು, ಮುತ್ತತ್ತಿ ಮತ್ತು ರಾಮನಗರ

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿ ದೋಣಿಯಲ್ಲಿ ಹೋಗುವವರಿಗೆ ಸ್ಪಾಟಿಂಗ್ ಸ್ಕೋಪ್ ಉಪಯೋಗಕ್ಕೆ ಬಾರದು, ಏಕೆಂದರೆ ದೋಣಿಯ ಓಲಾಟ ಬಿಂಬವನ್ನು ನಿಲ್ಲಗೊಡುವುದಿಲ್ಲ. ದಡದಲ್ಲಿ ನಿಂತು ನಡುಗಡ್ಡೆಗಳ ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿಗಳನ್ನೂ ಬಂಡೆಗಳ ಮೇಲೆ ಮಲಗಿದ ಮೊಸಳೆಗಳನ್ನೂ ನೋಡಲು ಅದು ತಕ್ಕುದು.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯು 1987ರಲ್ಲಿ ಸ್ಥಾಪಿತವಾದ ಕಾವೇರಿ ವನ್ಯಜೀವಿಧಾಮದ ಪರಿಸರದಲ್ಲಿದೆ. ನದಿಯ ಎದುರು ದಡದ ಮತ್ತಿಮರಗಳಲ್ಲಿರುವ ಬೂದು ಬಣ್ಣದ ದೊಡ್ಡ ಅಳಿಲನ್ನು ಈ ದಡದಿಂದಲೇ ನೋಡಲು ಉಪಕರಣ ನೆರವಾಗುತ್ತದೆ. ದಟ್ಟವಾದ ಕಾಡಿನೊಳಗೆ ಇದರ ಬಳಕೆ ಕಡಿಮೆ. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಸಾಗಿದರೆ ಸಿಗುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಕಡಿದಾದ ಬಂಡೆಯ ಮೇಲಿನ ರಣಹದ್ದಿನ ಗೂಡನ್ನು ಅದಕ್ಕೆ ತೊಂದರೆಯಾಗದಂತೆ ನೋಡಲು ದೂರದರ್ಶಕವನ್ನು ಬಿಟ್ಟು ಬೇರೆ ದಾರಿಯಿಲ್ಲ.

## ಕಾನೂನು

1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ 9ನೆಯ ಪ್ರಕರಣವು ಅನುಸೂಚಿಗಳಲ್ಲಿ ಸೇರಿರುವ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಮನುಷ್ಯರ ಜೀವಕ್ಕೆ ಅಪಾಯ ಒಡ್ಡುವ ಪ್ರಾಣಿಯಂತಹ ಕೆಲವು ಸಂದರ್ಭಗಳಲ್ಲಿ ಮಾತ್ರ ಅಧಿಕಾರಿಗಳು ಅನುಮತಿ ನೀಡಬಹುದು. 2022ರ ತಿದ್ದುಪಡಿಯಿಂದ ಅನುಸೂಚಿಗಳನ್ನು ಮರುಜೋಡಿಸಲಾಗಿದೆ.

ಇದೇ ಅಧಿನಿಯಮದ 2(16)ನೆಯ ಪ್ರಕರಣದಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥ ವ್ಯಾಪಕವಾದುದು. ಕೊಲ್ಲುವುದು, ಹಿಡಿಯುವುದು, ಅಟ್ಟುವುದು ಮಾತ್ರವಲ್ಲದೆ, ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದು ಹಾಗೂ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದು ಕೂಡ ಅದರೊಳಗೆ ಸೇರುತ್ತದೆ. ಒಳ್ಳೆಯ ಛಾಯಾಚಿತ್ರಕ್ಕಾಗಿ ಕೊಂಬೆಯನ್ನು ಸರಿಸುವವನೂ, ಹಕ್ಕಿ ಹಾರಲೆಂದು ಕಲ್ಲೆಸೆಯುವವನೂ ಗೂಡಿಗೆ ತೊಂದರೆ ಕೊಟ್ಟಂತೆಯೇ ಆಗುತ್ತದೆ. ಕೈಯಲ್ಲಿ ಬಂದೂಕು ಇಲ್ಲವೆಂಬುದು ಇಲ್ಲಿ ಸಮಾಧಾನವಲ್ಲ. ಬೇರೆ ದೇಶಗಳಲ್ಲಿ ಬೇಟೆಗಾರರು ಬಳಸುವ ಉಪಕರಣವು ಇಲ್ಲಿ ಬೇಟೆಯ ಅಪರಾಧದಿಂದ ದೂರವಿರಲು ಸಹಾಯವಾಗುತ್ತದೆ.

## ಬಳಕೆ ಮತ್ತು ನಿರ್ವಹಣೆ

- ಯಾವ ಕಾರಣಕ್ಕೂ ಸೂರ್ಯನ ಕಡೆಗೆ ತಿರುಗಿಸಿ ನೋಡಬಾರದು. ಕ್ಷಣಮಾತ್ರದಲ್ಲಿ ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಮಕ್ಕಳು ಬಳಸುವಾಗ ಹಿರಿಯರೊಬ್ಬರು ಜೊತೆಗಿರಬೇಕು.
- ಮೊದಲು ಕನಿಷ್ಠ ವರ್ಧನೆಯಲ್ಲಿ ಹಕ್ಕಿಯನ್ನು ಹುಡುಕಿ, ನಂತರ ವರ್ಧನೆಯನ್ನು ಹೆಚ್ಚಿಸಬೇಕು. ವರ್ಧನೆ ಹೆಚ್ಚಿದಷ್ಟೂ ದೃಷ್ಟಿಕ್ಷೇತ್ರ ಕಿರಿದಾಗುತ್ತದೆ.
- ಮಸೂರದ ಮೇಲಿನ ಧೂಳನ್ನು ಮೊದಲು ಊದುಬುರುಡೆ ಅಥವಾ ಮೃದುವಾದ ಕುಂಚದಿಂದ ತೆಗೆದು, ಆಮೇಲಷ್ಟೇ ಒರೆಸಬೇಕು. ಧೂಳಿರುವಾಗಲೇ ಪಂಚೆ, ಸೆರಗುಗಳಿಂದ ಒರೆಸಿದರೆ ಲೇಪನ ಗೀರಿಹೋಗುತ್ತದೆ.
- ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟರೆ ಬೂಷ್ಟು ಹಿಡಿಯುವುದಿಲ್ಲ. ಒದ್ದೆಯಾದ ಚೀಲದಲ್ಲಿ ಇಡಬಾರದು.
- ನೇತ್ರಕಕ್ಕೆ ಮೊಬೈಲನ್ನು ಜೋಡಿಸುವ ಹಿಡಿಕೆ ದೊರೆಯುತ್ತದೆ. ಇದರಿಂದ ದಾಖಲೆಗೆ ಸಾಕಾಗುವಷ್ಟು ಒಳ್ಳೆಯ ಚಿತ್ರಗಳನ್ನು ತೆಗೆಯಬಹುದು ಮತ್ತು ಮೊಬೈಲಿನ ಪರದೆಯಲ್ಲಿ ಹಲವರು ಒಟ್ಟಿಗೆ ನೋಡಬಹುದು.
- ಗೂಡಿನಲ್ಲಿರುವ ಹಕ್ಕಿ ನೋಡುಗನ ಕಡೆಗೇ ಕತ್ತೆತ್ತಿ ನಿಂತರೆ ಅಥವಾ ಎದ್ದು ರೆಕ್ಕೆ ಬಡಿಯತೊಡಗಿದರೆ ಅಂತರ ಸಾಲದೆಂದು ತಿಳಿದು ಹಿಂದೆ ಸರಿಯಬೇಕು.

## ಇವನ್ನೂ ನೋಡಿ

- ಕೊಕ್ಕರೆಬೆಳ್ಳೂರು
- ರಂಗನತಿಟ್ಟು ಪಕ್ಷಿಧಾಮ
- ಹೆಜ್ಜಾರ್ಲೆ
- ದೂರದರ್ಶಕ
- ಪಕ್ಷಿವೀಕ್ಷಣೆ